ಬಿಲ್ಡರ್ ಹಣ ಊರಿಗೆ ಬರುವ ದಾರಿ: ಇಂಗ್ಲೆಂಡಿನ ಪ್ಯಾರಿಷ್ ಕೌನ್ಸಿಲ್ ಸದಸ್ಯರಿಗೊಂದು ಮಾರ್ಗದರ್ಶಿ

ಊರಾಚೆಯ ಹೊಲದ ಗೇಟಿಗೆ ಒಂದು ದಿನ ಪ್ಲಾಸ್ಟಿಕ್ ಹೊದಿಕೆಯ ನೋಟಿಸ್ ಬಂದು ಕೂರುತ್ತದೆ. ಇಲ್ಲಿ 120 ಮನೆ ಕಟ್ಟಲು ಅರ್ಜಿ ಬಂದಿದೆ, ಹೇಳುವುದಿದ್ದರೆ 21 ದಿನದೊಳಗೆ ಹೇಳಿ ಎಂದು ಅದರಲ್ಲಿರುತ್ತದೆ. ಅದೇ ಸಂಜೆಯಿಂದ ಊರಿನ ವಾಟ್ಸ್‌ಆ್ಯಪ್ ಗುಂಪು ಕುದಿಯತೊಡಗುತ್ತದೆ. ಶಾಲೆಯಲ್ಲಿ ಸೀಟಿಲ್ಲ, ಡಾಕ್ಟರನ್ನು ಕಾಣಲು ಮೂರು ವಾರ ಕಾಯಬೇಕು, ಬೆಳಗ್ಗೆ ಎಂಟಕ್ಕೆ ವೃತ್ತದಲ್ಲಿ ಕಾರುಗಳು ಅಲುಗಾಡುವುದಿಲ್ಲ. ಎಲ್ಲವೂ ನಿಜವೇ. ಆದರೆ ಇದಕ್ಕೆಲ್ಲ ಬಿಲ್ಡರ್ ಎಷ್ಟು ಕೊಡಬೇಕು, ಯಾವ ಕಾಗದದ ಮೇಲೆ ಕೊಡಬೇಕು, ಎಂದು ಕೊಡಬೇಕು ಎಂಬ ಪ್ರಶ್ನೆಯನ್ನು ಆ ಗುಂಪಿನಲ್ಲಿ ಯಾರೂ ಎತ್ತುವುದಿಲ್ಲ. ನಾನೂ ಮೊದಲ ಎರಡು ವರ್ಷ ಎತ್ತಿರಲಿಲ್ಲ.

ಪ್ಯಾರಿಷ್ ಕೌನ್ಸಿಲ್ ಎಂದರೆ ನಮ್ಮ ಗ್ರಾಮ ಪಂಚಾಯಿತಿಯ ಬಡ ನೆಂಟನಿದ್ದಂತೆ. ಕಟ್ಟಡಕ್ಕೆ ಅನುಮತಿ ಕೊಡುವ ಅಧಿಕಾರ ಅದಕ್ಕಿಲ್ಲ. ಅದು ಮೇಲಿನ ಜಿಲ್ಲಾ ಕೌನ್ಸಿಲ್‌ನದು. ಅಭಿಪ್ರಾಯ ಹೇಳುವ ಹಕ್ಕು ಮಾತ್ರ ಪ್ಯಾರಿಷ್‌ಗೆ ಉಂಟು. ಆದರೂ ಬಿಲ್ಡರ್‌ಗಳಿಂದ ಬರುವ ಹಣದ ವಿಚಾರದಲ್ಲಿ ಎಚ್ಚರವಾಗಿರುವ ಪ್ಯಾರಿಷ್‌ಗೂ ಮಲಗಿರುವ ಪ್ಯಾರಿಷ್‌ಗೂ ಲಕ್ಷಾಂತರ ಪೌಂಡ್‌ಗಳ ಅಂತರವಿರುತ್ತದೆ. ಇಲ್ಲಿರುವ ಕನ್ನಡಿಗರಿಗೆ ಇನ್ನೊಂದು ಮಾತು: ಕಾಮನ್‌ವೆಲ್ತ್ ದೇಶದವರಾದ್ದರಿಂದ, ವೀಸಾ ಮೇಲೆ ನೆಲೆಸಿರುವ ಭಾರತೀಯ ಪಾಸ್‌ಪೋರ್ಟಿನವರೂ ಇಲ್ಲಿನ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬಹುದು. ಕಾಯಂ ವಾಸದ ಪರವಾನಗಿ ಇದ್ದು, ಉಳಿದ ಅರ್ಹತೆಗಳೂ ಕೂಡಿದರೆ ಚುನಾವಣೆಗೆ ನಿಲ್ಲಲೂಬಹುದು. ಪ್ಯಾರಿಷ್ ಕೌನ್ಸಿಲ್‌ಗಳಲ್ಲಿ ಎಷ್ಟೋ ಕುರ್ಚಿಗಳು ಸ್ಪರ್ಧಿಗಳಿಲ್ಲದೆ ಖಾಲಿ ಬಿದ್ದಿರುತ್ತವೆ. ನನಗೆ ಸಿಕ್ಕಿದ್ದೂ ಅಂಥದ್ದೇ ಒಂದು.

ಮೊದಲು ಎರಡು ಚೀಲಗಳನ್ನು ಬೇರೆ ಮಾಡಿಕೊಳ್ಳಿ

ಹಣ ಬರುವುದು ಎರಡು ದಾರಿಯಲ್ಲಿ. ಇವೆರಡನ್ನೂ ಕಲಸಿಕೊಂಡವರು ಸಭೆಯಲ್ಲಿ ಎಷ್ಟು ಮಾತಾಡಿದರೂ ವ್ಯರ್ಥ.

ಒಂದು, ಸೆಕ್ಷನ್ 106. ಇದು 1990ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಒಂದು ಕಲಮು. ಬಡಾವಣೆಯಿಂದ ಊರಿನ ಮೇಲೆ ಬೀಳುವ ಹೊರೆಯನ್ನು ತಗ್ಗಿಸಲು ಬಿಲ್ಡರ್ ಏನು ಮಾಡಬೇಕು, ಎಷ್ಟು ಕೊಡಬೇಕು ಎಂದು ಬರೆಯುವ ಕರಾರು ಪತ್ರ ಅದು. ಪತ್ರ ಅಂಟಿಕೊಳ್ಳುವುದು ಮನುಷ್ಯನಿಗಲ್ಲ, ಜಮೀನಿಗೆ. ಬಿಲ್ಡರ್ ಜಾಗ ಮಾರಿ ಹೋದರೂ ಕೊಂಡವನು ಅದಕ್ಕೆ ಬದ್ಧ. ಮೊತ್ತ ಪ್ರತಿ ಬಡಾವಣೆಗೂ ಚೌಕಾಸಿಯಲ್ಲಿ ತೀರ್ಮಾನವಾಗುತ್ತದೆ.

ಇನ್ನೊಂದು, ಸಮುದಾಯ ಮೂಲಸೌಕರ್ಯ ಶುಲ್ಕ. ಇಲ್ಲಿ ಎಲ್ಲರೂ ಇದನ್ನು 'ಸಿಲ್' ಎಂದೇ ಕರೆಯುತ್ತಾರೆ. 2008ರ ಯೋಜನಾ ಕಾಯ್ದೆಯಲ್ಲಿ ಹುಟ್ಟಿ, 2010ರ ನಿಯಮಗಳಿಂದ ಜಾರಿಗೆ ಬಂದದ್ದು. ಇದರಲ್ಲಿ ಚೌಕಾಸಿ ಇಲ್ಲ. ಹೊಸದಾಗಿ ಸೇರುವ ಪ್ರತಿ ಚದರ ಮೀಟರ್ ಕಟ್ಟಡಕ್ಕೆ ಇಷ್ಟು ಪೌಂಡ್ ಎಂದು ಕೌನ್ಸಿಲ್ ಮೊದಲೇ ದರಪಟ್ಟಿ ಹೊರಡಿಸಿರುತ್ತದೆ, ಆ ಪಟ್ಟಿಯನ್ನು ಸ್ವತಂತ್ರ ಪರೀಕ್ಷಕರೊಬ್ಬರು ಪರಿಶೀಲಿಸಿರುತ್ತಾರೆ. ಕೈಗೆಟಕುವ ಬೆಲೆಯ ಸಾಮಾಜಿಕ ಮನೆಗಳಿಗೂ, ತಾನೇ ವಾಸಿಸಲು ಮನೆ ಕಟ್ಟಿಕೊಳ್ಳುವವರಿಗೂ ವಿನಾಯಿತಿ ಉಂಟು. ಸಿಲ್ ವಿಧಿಸುವುದು ಕೌನ್ಸಿಲ್‌ನ ಇಚ್ಛೆ; ಇಂಗ್ಲೆಂಡಿನ ಎಲ್ಲ ಕೌನ್ಸಿಲ್‌ಗಳಲ್ಲೂ ಇದು ಇಲ್ಲ. ಆದ್ದರಿಂದ ನಿಮ್ಮ ಜಿಲ್ಲೆಯಲ್ಲಿ ದರಪಟ್ಟಿ ಇದೆಯೇ ಎಂದು ನೋಡುವುದೇ ಮೊದಲ ಕೆಲಸ. ಸ್ಕಾಟ್ಲೆಂಡಿನಲ್ಲಿರುವವರಿಗೆ ಇದ್ಯಾವುದೂ ಅನ್ವಯಿಸದು, ಅಲ್ಲಿನ ಕಾನೂನೇ ಬೇರೆ.

ಕರ್ನಾಟಕದಲ್ಲಿ ಬಡಾವಣೆ ಮಾಡುವವರು ಉದ್ಯಾನಕ್ಕೂ ಸಿಎ ನಿವೇಶನಕ್ಕೂ ಜಾಗ ಬಿಟ್ಟುಕೊಡುವ ಪದ್ಧತಿಯನ್ನು ಬಲ್ಲವರಿಗೆ ಇದರ ಹಿಂದಿನ ತತ್ವ ಹೊಸದಲ್ಲ. ಅಲ್ಲಿ ಮುಖ್ಯವಾಗಿ ಜಾಗದ ಲೆಕ್ಕ, ಇಲ್ಲಿ ಹಣ ಮತ್ತು ಒಪ್ಪಂದದ ಲೆಕ್ಕ. ಉದ್ಯಾನದ ಜಾಗ ಕಾಗದದಲ್ಲಿದ್ದು ನೆಲದಲ್ಲಿ ಕಾಣೆಯಾಗುವ ನಮ್ಮೂರಿನ ಚಮತ್ಕಾರಕ್ಕೂ ಇಲ್ಲಿ ಒಂದು ಜೋಡಿ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಅರ್ಜಿ ಬರುವ ಮೊದಲೇ ಬೇಕುಗಳನ್ನು ಬರೆದಿಡಿ

ಈ ಹೆಜ್ಜೆಯನ್ನು ಬಿಟ್ಟವರು ಮುಂದಿನ ಎಲ್ಲ ಹೆಜ್ಜೆಗಳಲ್ಲೂ ಕುಂಟುತ್ತಾರೆ. ನೋಟಿಸ್ ಕಂಡ ಮೇಲೆ ಉಳಿಯುವ 21 ದಿನಗಳಲ್ಲಿ ಊರಿಗೆ ಏನು ಬೇಕೆಂದು ಯೋಚಿಸಿ, ಲೆಕ್ಕ ಹಾಕಿ, ಸಭೆಯಲ್ಲಿ ಒಪ್ಪಿಸಿ ಬರೆಯುವುದು ಆಗದ ಮಾತು. ಪ್ಯಾರಿಷ್ ಸಭೆ ಸೇರುವುದೇ ತಿಂಗಳಿಗೊಮ್ಮೆ.

ಆದ್ದರಿಂದ ಒಂದು ಪಟ್ಟಿ ಸದಾ ಸಿದ್ಧವಿರಲಿ. 'ಆಟದ ಮೈದಾನ ಸುಧಾರಣೆ' ಎಂದು ಬರೆದರೆ ಅದು ಆಸೆಯಷ್ಟೇ, ಪಟ್ಟಿಯಲ್ಲ. ಮೈದಾನದಲ್ಲಿ ಈಗ ಏನೇನಿದೆ, ಯಾವುದು ಹಾಳಾಗಿದೆ, ಎಷ್ಟು ಮಕ್ಕಳು ಬರುತ್ತಾರೆ, ಹೊಸ ಉಪಕರಣಕ್ಕೆ ಗುತ್ತಿಗೆದಾರ ಕೊಟ್ಟ ದರ ಎಷ್ಟು, ಆ ದರ ಯಾವ ತಿಂಗಳಿನದು, ಜಾಗ ಯಾರ ಹೆಸರಿನಲ್ಲಿದೆ ಎಂಬುದೆಲ್ಲ ಇರಬೇಕು. ಸಮುದಾಯ ಭವನದ ಬುಕಿಂಗ್ ಪುಸ್ತಕ ನಿಮ್ಮ ಅತಿದೊಡ್ಡ ಸಾಕ್ಷಿ. ಶನಿವಾರಗಳೆಲ್ಲ ತುಂಬಿ, ಎಷ್ಟು ಕೋರಿಕೆಗಳನ್ನು ತಿರಸ್ಕರಿಸಬೇಕಾಯಿತು ಎಂಬುದು ಅದರಲ್ಲಿರುತ್ತದೆ. ಯುಗಾದಿಗೂ ದೀಪಾವಳಿಗೂ ಸಭಾಂಗಣ ಸಿಗದೆ ಮೂವತ್ತು ಮೈಲಿ ದೂರ ಹೋಗುವ ಕನ್ನಡ ಕೂಟಗಳಿದ್ದರೆ, ಅವರ ಪತ್ರವೂ ಸಾಕ್ಷಿಯೇ. ಗೊಣಗಾಟವನ್ನು ಪತ್ರವಾಗಿಸಿ ಗುಮಾಸ್ತರ ಕೈಗೆ ಕೊಡಿ.

ಶಾಲೆ, ರಸ್ತೆ, ಚಿಕಿತ್ಸಾಲಯ ಇವು ಪ್ಯಾರಿಷ್ ಕೈಯಲ್ಲಿಲ್ಲ. ಜಿಲ್ಲೆ ಮತ್ತು ಕೌಂಟಿ ಎಂಬ ಎರಡು ಹಂತ ಇರುವ ಕಡೆ ಶಾಲೆ ಮತ್ತು ರಸ್ತೆಗೆ ಹಣ ಕೇಳಬೇಕಾದದ್ದು ಕೌಂಟಿ ಕೌನ್ಸಿಲ್. ಇಷ್ಟು ಮನೆಗಳಿಂದ ಇಷ್ಟು ಮಕ್ಕಳು ಬರುತ್ತಾರೆ, ಒಂದು ಸೀಟಿಗೆ ಇಷ್ಟು ಖರ್ಚು ಎಂಬ ಸೂತ್ರ ಅವರ ಬಳಿ ಇದೆ, ಅವರು ತಪ್ಪದೆ ಕೇಳುತ್ತಾರೆ. ಚಿಕಿತ್ಸಾಲಯದ ವಿಷಯ ಹಾಗಲ್ಲ. ಅಲ್ಲಿ ಎನ್‌ಎಚ್‌ಎಸ್‌ನ (ಸರ್ಕಾರಿ ಆರೋಗ್ಯ ಸೇವೆಯ) ಪ್ರಾದೇಶಿಕ ಮಂಡಳಿ ಬರೆದು ಕೇಳಬೇಕು. ಅದು ಸುಮ್ಮನಿದ್ದರೆ ಡಾಕ್ಟರ ಕೋಣೆಗೆಂದು ಕೇಳುವವರು ಬೇರೆ ಯಾರೂ ಇರುವುದಿಲ್ಲ. ಅರ್ಜಿಯ ಸುಳಿವು ಸಿಕ್ಕ ಕೂಡಲೇ ಊರಿನ ಚಿಕಿತ್ಸಾಲಯದ ವ್ಯವಸ್ಥಾಪಕರಿಗೂ ಆ ಮಂಡಳಿಗೂ ಒಂದೊಂದು ಇಮೇಲ್ ಹಾಕುವುದು ಪ್ಯಾರಿಷ್ ಮಾಡಬಹುದಾದ ಅತ್ಯಂತ ಅಗ್ಗದ ಕೆಲಸ.

ನೆರೆಹೊರೆ ಯೋಜನೆ: ಬೇಸರದ ಕೆಲಸ, ಭಾರಿ ಫಲ

ಸಿಲ್ ಹಣದಲ್ಲಿ ಒಂದು ಪಾಲು ನೇರವಾಗಿ ಪ್ಯಾರಿಷ್‌ಗೆ ಬರುತ್ತದೆ. ಸಾಮಾನ್ಯವಾಗಿ ಅದು 15%, ಅದಕ್ಕೂ ಒಂದು ಮಿತಿ ಇದೆ: ಪ್ಯಾರಿಷ್‌ನಲ್ಲಿ ಈಗಾಗಲೇ ಇರುವ ಪ್ರತಿ ಮನೆಗೆ ವರ್ಷಕ್ಕೆ 100 ಪೌಂಡ್ ಲೆಕ್ಕದಲ್ಲಿ, ಬೆಲೆ ಸೂಚ್ಯಂಕ (ಬೆಲೆ ಏರಿದಂತೆ ಮೊತ್ತವನ್ನೂ ಏರಿಸುವುದು) ಸೇರಿಸಿ ಬರುವ ಮೊತ್ತವನ್ನು ಅದು ಮೀರುವಂತಿಲ್ಲ. 2011ರ ಲೋಕಲಿಸಂ ಕಾಯ್ದೆಯಡಿ ನೆರೆಹೊರೆ ಯೋಜನೆ (ಊರಿನಲ್ಲಿ ಎಲ್ಲಿ, ಏನು, ಹೇಗೆ ಕಟ್ಟಬಹುದೆಂದು ಊರಿನವರೇ ಬರೆಯುವ ಯೋಜನೆ) ಮಾಡಿ, ಊರಿನ ಜನಮತಗಣನೆಯಲ್ಲಿ ಗೆದ್ದು ಜಾರಿಗೆ ತಂದಿದ್ದರೆ ಪಾಲು 25% ಆಗುತ್ತದೆ, ಮಿತಿಯೂ ಹಾರಿಹೋಗುತ್ತದೆ.

ಒಂದು ಕಲ್ಪಿತ ಲೆಕ್ಕ ಹಾಕೋಣ. 600 ಮನೆಗಳ ಹಳ್ಳಿ, 100 ಮನೆಗಳ ಹೊಸ ಬಡಾವಣೆ. ಅದರಲ್ಲಿ 30 ಸಾಮಾಜಿಕ ಮನೆಗಳಿಗೆ ವಿನಾಯಿತಿ. ಉಳಿದ 70 ಮನೆಗಳು ತಲಾ 90 ಚದರ ಮೀಟರ್, ಅಂದರೆ 6,300 ಚದರ ಮೀಟರ್. ದರ 150 ಪೌಂಡ್ ಎಂದಿಟ್ಟುಕೊಂಡರೆ ಒಟ್ಟು ಸಿಲ್ 9,45,000 ಪೌಂಡ್. ಇದರ 15% ಎಂದರೆ 1,41,750. ಆದರೆ ಇಡೀ ಹಣ ಒಂದೇ ವರ್ಷದಲ್ಲಿ ಬಂದರೆ ಮಿತಿ ಅಡ್ಡ ಬಂದು, ಸೂಚ್ಯಂಕ ಬಿಟ್ಟು ಹೇಳುವುದಾದರೆ, ಕೈಗೆ ಸಿಗುವುದು 60,000 ಮಾತ್ರ. ನೆರೆಹೊರೆ ಯೋಜನೆ ಇದ್ದರೆ 2,36,250 ಪೌಂಡ್. ಅದೇ ಹೊಲ, ಅದೇ ಮನೆಗಳು.

ನೆರೆಹೊರೆ ಯೋಜನೆಗೆ ವರ್ಷಗಳೇ ಹಿಡಿಯುತ್ತವೆ, ಸ್ವಯಂಸೇವಕರ ಉತ್ಸಾಹ ಎರಡನೇ ಚಳಿಗಾಲಕ್ಕೆ ಬತ್ತುತ್ತದೆ. ಆದರೂ ಮಾಡಿಸಿ. ಬಡಾವಣೆಗೆ ಅನುಮತಿ ಸಿಗುವ ಹೊತ್ತಿಗೆ ಅದು ಜಾರಿಯಲ್ಲಿರಬೇಕೆಂಬುದನ್ನು ಮರೆಯಬೇಡಿ. ನೋಟಿಸ್ ನೋಡಿ ಓಡಿದರೆ, ಊರಿಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಪ್ಯಾರಿಷ್ ಇಲ್ಲದ ನಗರ ಪ್ರದೇಶಗಳಲ್ಲಿ, ಲಂಡನ್ನಿನ ಬಹುಭಾಗದಲ್ಲಿರುವಂತೆ, ಈ ಪಾಲನ್ನು ಕೌನ್ಸಿಲೇ ಇಟ್ಟುಕೊಂಡು ನಿವಾಸಿಗಳನ್ನು ಕೇಳಿ ಖರ್ಚು ಮಾಡಬೇಕು. ಲಂಡನ್ನಿನಲ್ಲಿ ಬರೋಗಳ (ನಗರದೊಳಗಿನ ಸ್ಥಳೀಯ ಕೌನ್ಸಿಲ್‌ಗಳ) ಸಿಲ್ ಜೊತೆಗೆ ಮೇಯರ್ ಅವರ ಸಿಲ್ ಬೇರೆ ಇದೆ; 2012ರಿಂದ ಸಂಗ್ರಹವಾಗುತ್ತಿರುವ ಆ ಹಣ ಹೋದದ್ದು 2022ರಲ್ಲಿ ಆರಂಭವಾದ ಎಲಿಜಬೆತ್ ರೈಲು ಮಾರ್ಗಕ್ಕೆ.

ಅರ್ಜಿ ಬಂದಾಗ: ಏನು ಕೇಳಬಹುದು, ಏನು ಕೇಳಬಾರದು

ಸೆಕ್ಷನ್ 106ರಲ್ಲಿ ಕೇಳುವ ಪ್ರತಿಯೊಂದೂ ಮೂರು ಪರೀಕ್ಷೆಗಳಲ್ಲಿ ಉತ್ತೀರ್ಣವಾಗಬೇಕು. ಅದಿಲ್ಲದಿದ್ದರೆ ಬಡಾವಣೆಯನ್ನು ಒಪ್ಪಲಾಗದು ಎನ್ನುವಷ್ಟು ಅದು ಅಗತ್ಯವಿರಬೇಕು, ಬಡಾವಣೆಗೆ ನೇರ ಸಂಬಂಧವಿರಬೇಕು, ಅಳತೆಯಲ್ಲಿ ನ್ಯಾಯವಾಗಿರಬೇಕು. ಇದು ಸಿಲ್ ನಿಯಮಗಳ 122ನೇ ನಿಯಮ. ಸಭೆಯಲ್ಲಿ ಈ ಸಂಖ್ಯೆಯನ್ನು ಹೇಳಿ ನೋಡಿ, ಯೋಜನಾ ಅಧಿಕಾರಿಗಳು ತಲೆ ಎತ್ತಿ ನೋಡುತ್ತಾರೆ.

ಹಣ ಕೊಟ್ಟು ಅನುಮತಿ ಕೊಳ್ಳುವಂತಿಲ್ಲ ಎಂಬುದು ಈ ಪರೀಕ್ಷೆಗಳ ಹಿಂದಿನ ತಿರುಳು. ಆಕ್ಸ್‌ಫರ್ಡ್‌ಶೈರ್‌ನ ವಿಟ್ನಿಯಲ್ಲಿ ಟೆಸ್ಕೊ ಒಂದು ಸೂಪರ್‌ಮಾರ್ಕೆಟ್ ಕಟ್ಟಲು ಹೊರಟು, ಪಟ್ಟಣಕ್ಕೆ ಬೇಕಿದ್ದ ಸಂಪರ್ಕ ರಸ್ತೆಯ ಪೂರ್ತಿ ಖರ್ಚು, 66 ಲಕ್ಷ ಪೌಂಡ್, ತಾನೇ ಕೊಡುತ್ತೇನೆ ಎಂದಿತು. ಆ ಅಂಗಡಿಯಿಂದ ರಸ್ತೆಗೆ ಬೀಳುವ ಹೆಚ್ಚುವರಿ ಭಾರ ಅಲ್ಪ. ಸಚಿವರು ಆ ಕೊಡುಗೆಗೆ ಬೆಲೆ ಕೊಡದೆ ಪ್ರತಿಸ್ಪರ್ಧಿಯ ಜಾಗವನ್ನು ಒಪ್ಪಿದರು. 1995ರಲ್ಲಿ ಹೌಸ್ ಆಫ್ ಲಾರ್ಡ್ಸ್ (ಆಗ ಅದೇ ದೇಶದ ಅತ್ಯುನ್ನತ ನ್ಯಾಯಾಲಯ) ಸಚಿವರ ನಿರ್ಧಾರವನ್ನು ಎತ್ತಿಹಿಡಿಯಿತು. 2019ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಫಾರೆಸ್ಟ್ ಆಫ್ ಡೀನ್ ಪ್ರಕರಣವೂ ಇಂಥದ್ದೇ. ಗಾಳಿಯಂತ್ರದ ಆದಾಯದಲ್ಲಿ ವರ್ಷಕ್ಕೆ 4% ಅನ್ನು ಊರಿನ ನಿಧಿಗೆ ಕೊಡುವ ಮಾತನ್ನು ಕೌನ್ಸಿಲ್ ಲೆಕ್ಕಕ್ಕೆ ತೆಗೆದುಕೊಂಡು ಅನುಮತಿ ಕೊಟ್ಟಿತ್ತು. ಆ ಅನುಮತಿ ಉಳಿಯಲಿಲ್ಲ. ಒಳ್ಳೆಯ ಉದ್ದೇಶವೇ ಇದ್ದರೂ ನೆಲಬಳಕೆಗೆ ಸಂಬಂಧವಿಲ್ಲದ ದಾನವನ್ನು ತಕ್ಕಡಿಗೆ ಹಾಕುವಂತಿಲ್ಲ.

ಆದ್ದರಿಂದ ಚರ್ಚಿನ ಚಾವಣಿ ಸೋರುತ್ತಿದೆ, ಬಿಲ್ಡರ್ ಹೇಗೂ ಬಂದಿದ್ದಾನೆ ಎಂದು ಕೇಳಬೇಡಿ. ಹಳೆಯ ಕೊರತೆಯನ್ನು ಹೊಸಬರ ಹೆಗಲಿಗೆ ಹೊರಿಸಬೇಡಿ. 'ಹೊಸ ಬಡಾವಣೆಯಿಂದ ಮೈದಾನಕ್ಕೆ ನಡೆದುಹೋಗಲು ಆರು ನಿಮಿಷ, ಅಲ್ಲಿನ ಮಕ್ಕಳು ಬಳಸುವುದು ಇದನ್ನೇ, ಈಗಿನ ಉಪಕರಣ ಆ ಸಂಖ್ಯೆಗೆ ಸಾಲದು, ಹೆಚ್ಚುವರಿ ಉಪಕರಣದ ದರ ಇಷ್ಟು' ಎಂದು ಬರೆಯಿರಿ. ಬಡಾವಣೆ ಬೇಡವೇ ಬೇಡ ಎಂಬುದು ಪ್ಯಾರಿಷ್ ನಿಲುವಾಗಿದ್ದರೂ ಈ ಭಾಗವನ್ನು ಬರೆಯಿರಿ. ವಿರೋಧಿಸುತ್ತಲೇ ಹಣ ಕೇಳುವುದು ಎರಡು ನಾಲಿಗೆಯಾಗುತ್ತದೆಂದು ನಮ್ಮಲ್ಲಿ ಕೆಲವರು ಹಿಂಜರಿದರು. ಅನುಮತಿ ಹೇಗೂ ಸಿಕ್ಕಿತು, ನಮ್ಮ ಹೆಸರಿನಲ್ಲಿ ಕರಾರಿನಲ್ಲಿ ಒಂದು ಸಾಲೂ ಇರಲಿಲ್ಲ.

ಎಲ್ಲರೂ ಒಂದೇ ಕಣಜಕ್ಕೆ ಕೈ ಹಾಕುತ್ತಿದ್ದಾರೆಂಬುದೂ ನೆನಪಿರಲಿ. ಸರ್ಕಾರ ನಡೆಸಿದ ಅಧ್ಯಯನದ ಪ್ರಕಾರ 2018-19ರಲ್ಲಿ ಇಂಗ್ಲೆಂಡಿನಲ್ಲಿ ಒಪ್ಪಿಗೆಯಾದ ಬಿಲ್ಡರ್ ಕೊಡುಗೆಗಳ ಮೌಲ್ಯ 700 ಕೋಟಿ ಪೌಂಡ್. ಅದರಲ್ಲಿ 470 ಕೋಟಿ ಕೈಗೆಟಕುವ ಮನೆಗಳದೇ. ಉಳಿದುದರಲ್ಲಿ ಶಾಲೆ, ರಸ್ತೆ, ಮೈದಾನ, ಗ್ರಂಥಾಲಯ ಎಲ್ಲವೂ ಹಂಚಿಕೊಳ್ಳಬೇಕು.

ಕರಾರಿನ ಭಾಷೆ

ಜಿಲ್ಲಾ ಕೌನ್ಸಿಲ್‌ನ ಯೋಜನಾ ಸಮಿತಿ 'ಕರಾರಿಗೆ ಒಳಪಟ್ಟು ಅನುಮತಿ' ಎಂದು ತೀರ್ಮಾನಿಸಿದ ಮೇಲೆ ಊರಿನವರು ಸೋತೆವೋ ಗೆದ್ದೆವೋ ಎಂದು ಮನೆಗೆ ಹೋಗಿಬಿಡುತ್ತಾರೆ. ನಿಜವಾದ ಕೆಲಸ ಶುರುವಾಗುವುದು ಆಗ. ಎರಡೂ ಕಡೆಯ ವಕೀಲರು ತಿಂಗಳುಗಟ್ಟಲೆ ಕರಡು ತಿದ್ದುತ್ತಾರೆ. ಪ್ಯಾರಿಷ್ ಸಾಮಾನ್ಯವಾಗಿ ಸಹಿ ಹಾಕುವ ಪಕ್ಷವಲ್ಲ, ಆದರೆ ಕರಡನ್ನು ತೋರಿಸಿ ಎಂದು ಕೇಳುವುದಕ್ಕೆ ಅಡ್ಡಿಯಿಲ್ಲ. ನಾನು ನೋಡುವುದು ಐದು ಸಂಗತಿಗಳನ್ನು.

ಹಣ ಯಾವುದಕ್ಕೆ ಎಂಬ ಸಾಲು ಬಹಳ ಸಣ್ಣದೂ ಆಗಬಾರದು, ಬಹಳ ದೊಡ್ಡದೂ ಆಗಬಾರದು. 'ಇಂಥ ಸಭಾಂಗಣದ ಅಡುಗೆಮನೆ ನವೀಕರಣಕ್ಕೆ' ಎಂದು ಬರೆದು, ಹಣ ಬರುವಷ್ಟರಲ್ಲಿ ಬೇರೆ ಅನುದಾನದಿಂದ ಅಡುಗೆಮನೆ ಮುಗಿದಿದ್ದರೆ ಆ ಹಣ ಸತ್ತಂತೆಯೇ. 'ಜಿಲ್ಲೆಯ ಸಮುದಾಯ ಸೌಲಭ್ಯಗಳಿಗೆ' ಎಂದು ಬರೆದರೆ ಅದು ಇಪ್ಪತ್ತು ಮೈಲಿ ಆಚೆಯ ಈಜುಕೊಳಕ್ಕೆ ಹೋಗಬಹುದು. 'ಇಂಥ ಪ್ಯಾರಿಷ್‌ನ ಇಂಥ ಸಭಾಂಗಣದ ವಿಸ್ತರಣೆ ಅಥವಾ ಸುಧಾರಣೆಗೆ' ಎಂಬುದು ಹದವಾದ ಮಾತು.

ಯಾವಾಗ ಕೊಡಬೇಕು ಎಂಬುದು ಎರಡನೆಯದು. ಕೆಲಸ ಆರಂಭಿಸುವ ಮೊದಲು, ಅಥವಾ ಇಂತಿಷ್ಟನೇ ಮನೆಗೆ ಜನ ಬರುವ ಮೊದಲು ಎಂದಿರುತ್ತದೆ. ಈ ಮೈಲಿಗಲ್ಲು ಎಷ್ಟು ಮುಂಚೆ ಇರುತ್ತದೋ ಅಷ್ಟು ಒಳ್ಳೆಯದು. 50ನೇ ಮನೆಗೆ ಹಣ ಎಂದಿದ್ದರೆ, 49ಕ್ಕೆ ಬಂದು ನಿಂತು ಮಾರುಕಟ್ಟೆ ಚೇತರಿಸಲಿ ಎಂದು ಕಾಯುವ ಬಿಲ್ಡರ್ ಕಥೆಯನ್ನು ಅನುಭವಿಗಳು ಯಾರನ್ನು ಕೇಳಿದರೂ ಹೇಳುತ್ತಾರೆ. ಮೂರನೆಯದು ಸೂಚ್ಯಂಕ: ಇಂದಿನ ಬೆಲೆಯ ಮೊತ್ತ ಆರು ವರ್ಷದ ಮೇಲೆ ಬಂದರೆ ಅರ್ಧ ಉಯ್ಯಾಲೆ ಸಿಗುತ್ತದೆ. ನಾಲ್ಕನೆಯದು ಖರ್ಚಿನ ಗಡುವು. ಅದರೊಳಗೆ ಬಳಸದಿದ್ದರೆ ಹಣ ಬಿಲ್ಡರ್‌ಗೆ ವಾಪಸು ಎಂದು ಬರೆಯುವುದು ರೂಢಿ.

ಐದನೆಯದನ್ನು ಹೊಸ ಬಡಾವಣೆಯಲ್ಲಿ ಮನೆ ಕೊಳ್ಳುವ ನಮ್ಮವರೆಲ್ಲ ಗಮನಿಸಬೇಕು. ಬಡಾವಣೆಯೊಳಗಿನ ಹುಲ್ಲುಹಾಸು, ಆಟದ ಜಾಗ, ಕೆರೆಯಂಥ ಮಳೆನೀರಿನ ಗುಂಡಿ ಇವನ್ನು ಕೊನೆಗೆ ನೋಡಿಕೊಳ್ಳುವವರು ಯಾರು? ಕೌನ್ಸಿಲ್ ಅಥವಾ ಪ್ಯಾರಿಷ್ ವಹಿಸಿಕೊಂಡರೆ, ಮುಂದಿನ ವರ್ಷಗಳ ನಿರ್ವಹಣೆಗೆಂದು ಬಿಲ್ಡರ್ ಒಂದು ಇಡಿಗಂಟು ಕೊಡುತ್ತಾನೆ. ವಹಿಸಿಕೊಳ್ಳದಿದ್ದರೆ ಖಾಸಗಿ ನಿರ್ವಹಣಾ ಕಂಪನಿಯೊಂದು ಬಂದು ಮನೆಯೊಡೆಯರಿಂದ ವರ್ಷ ವರ್ಷವೂ ಶುಲ್ಕ ವಸೂಲಿ ಮಾಡುತ್ತದೆ. ಕೌನ್ಸಿಲ್ ತೆರಿಗೆಯೂ ಕಟ್ಟಿ, ಇದನ್ನೂ ಕಟ್ಟಿ, ಹುಲ್ಲು ಕೊಯ್ಯಲು ಯಾರೂ ಬರುವುದಿಲ್ಲವೆಂದು ದೂರುವವರು ನನ್ನ ಪರಿಚಯದಲ್ಲೇ ಹಲವರಿದ್ದಾರೆ. ಮನೆ ಕೊಳ್ಳುವ ಮೊದಲು ನಿಮ್ಮ ವಕೀಲರಿಗೆ ಸೆಕ್ಷನ್ 106 ಪತ್ರದ ಈ ಭಾಗವನ್ನು ಓದಿ ಹೇಳಲು ಹೇಳಿ. ಪತ್ರ ಕೌನ್ಸಿಲ್‌ನ ಸಾರ್ವಜನಿಕ ಯೋಜನಾ ದಾಖಲೆಯಲ್ಲಿರುತ್ತದೆ.

'ಲಾಭವಿಲ್ಲ' ಎಂಬ ರಾಗ

ಅನುಮತಿ ಸಿಕ್ಕಿದ ಮೇಲೆ, ಕೆಲವೊಮ್ಮೆ ಮೊದಲೇ, ಬಿಲ್ಡರ್ ಒಂದು ದಪ್ಪ ವರದಿ ತಂದು ಇಷ್ಟೆಲ್ಲ ಕೊಟ್ಟರೆ ಯೋಜನೆ ಗಿಟ್ಟುವುದಿಲ್ಲ ಎನ್ನುತ್ತಾನೆ. ಈ ವರದಿಗಳು ಹಿಂದೆ ಗುಟ್ಟಾಗಿರುತ್ತಿದ್ದವು. ಈಗ ಅಪರೂಪದ ಸಂದರ್ಭ ಬಿಟ್ಟರೆ ಬಹಿರಂಗಪಡಿಸಬೇಕೆಂದು ರಾಷ್ಟ್ರೀಯ ನೀತಿ ಹೇಳುತ್ತದೆ. ಮಾರಾಟ ಮೌಲ್ಯದ 15ರಿಂದ 20% ಲಾಭವನ್ನು ಸರ್ಕಾರದ ಮಾರ್ಗಸೂಚಿಯೇ ಒಪ್ಪುತ್ತದೆ, ಆದ್ದರಿಂದ ಲಾಭವೇ ಅನ್ಯಾಯ ಎಂದು ವಾದಿಸಬೇಡಿ. ಜಮೀನಿನ ಬೆಲೆಯ ಸಾಲನ್ನು ನೋಡಿ. ಹೊಲಕ್ಕೆ ಅತಿಯಾಗಿ ಕೊಟ್ಟೆ ಎಂಬುದು ಊರಿಗೆ ಕೊಡದಿರಲು ಕಾರಣವಾಗದೆಂದು ಅದೇ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ಕಡಿತಕ್ಕೆ ಕೌನ್ಸಿಲ್ ಒಪ್ಪಲೇಬೇಕಾದರೆ, ಮನೆಗಳು ಹೆಚ್ಚಿನ ಬೆಲೆಗೆ ಮಾರಾಟವಾದಲ್ಲಿ ಮರುಲೆಕ್ಕ ಮಾಡುವ ಷರತ್ತು ಸೇರಿಸಲು ಬರೆಯಿರಿ.

ಈ ಚೌಕಾಸಿಯ ಕಾಟವನ್ನೇ ತಪ್ಪಿಸಿದ ಊರೂ ಒಂದಿದೆ. ಮಿಲ್ಟನ್ ಕೀನ್ಸ್‌ನಲ್ಲಿ 2007ರ ಸುಮಾರಿಗೆ, ಸಿಲ್ ಬರುವ ಮೊದಲೇ, ವಿಸ್ತರಣಾ ಪ್ರದೇಶದ ಜಮೀನಿನವರೆಲ್ಲ ಸೇರಿ ಒಂದೇ ಚೌಕಟ್ಟಿನ ಒಪ್ಪಂದಕ್ಕೆ ಬಂದರು: ಮನೆಯೊಂದಕ್ಕೆ 18,500 ಪೌಂಡ್, ಸೂಚ್ಯಂಕ ಸೇರಿಸಿ. ಜನ ಅದನ್ನು 'ಚಾವಣಿ ತೆರಿಗೆ' ಎಂದರು. ಶಾಲೆ ರಸ್ತೆಗಳು ಮನೆಗಳ ಜೊತೆಜೊತೆಗೇ ಏಳಬೇಕೆಂಬುದು ಅದರ ಲೆಕ್ಕಾಚಾರ. ಬಹುಪಾಲು ಜಮೀನು ಕೆಲವರ ಕೈಯಲ್ಲೇ ಇರುವ, ಸರ್ಕಾರಿ ಸಂಸ್ಥೆ ನಡುವೆ ನಿಲ್ಲುವ ಕಡೆ ಮಾತ್ರ ಇಂಥದ್ದು ಸಾಧ್ಯವೆಂದು ನನ್ನ ಅನಿಸಿಕೆ.

ಹಣದ ಬೆನ್ನು ಹತ್ತುವುದು

ಕಾಣೆಯಾಗುವ ಉದ್ಯಾನಕ್ಕೆ ಜೋಡಿ ಎಂದೆನಲ್ಲ, ಅದು ಇದು: ಬಂದೂ ಖರ್ಚಾಗದೆ ಖಾತೆಯಲ್ಲಿ ನಿದ್ದೆ ಹೋಗುವ ಹಣ. ಕರಾರಿಗೆ ಸಹಿ ಬಿದ್ದು ಐದು ವರ್ಷವಾಗಿರುತ್ತದೆ, ಆಗಿನ ಅಧಿಕಾರಿ ಬೇರೆ ಕೌನ್ಸಿಲ್ ಸೇರಿರುತ್ತಾರೆ.

2019ರ ತಿದ್ದುಪಡಿಯಿಂದಾಗಿ, ಸಿಲ್ ಅಥವಾ ಸೆಕ್ಷನ್ 106 ಹಣ ಪಡೆಯುವ ಪ್ರತಿ ಕೌನ್ಸಿಲ್ ವರ್ಷಕ್ಕೊಮ್ಮೆ, ಡಿಸೆಂಬರ್ 31ರೊಳಗೆ, ಎಷ್ಟು ಬಂತು, ಎಷ್ಟು ಖರ್ಚಾಯಿತು, ಎಷ್ಟು ಉಳಿದಿದೆ ಎಂಬ ಮೂಲಸೌಕರ್ಯ ನಿಧಿ ವರದಿ ಪ್ರಕಟಿಸಬೇಕು. ಜನವರಿ ಸಭೆಯ ಮೊದಲ ವಿಷಯವಾಗಿ ಅದನ್ನು ಇಡಿ. ನಿಮ್ಮ ಪ್ಯಾರಿಷ್‌ನ ಪ್ರತಿ ಕರಾರಿಗೂ ಒಂದು ಸಾಲಿನಂತೆ ಸ್ಪ್ರೆಡ್‌ಶೀಟ್ ಇರಲಿ: ಮೊತ್ತ, ಉದ್ದೇಶ, ಮೈಲಿಗಲ್ಲು, ಗಡುವು. ವರದಿಯಲ್ಲಿ ಸಿಗದ್ದನ್ನು ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಕೇಳಿದರೆ 20 ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು. ಆದರೆ ಮೊದಲು ಫೋನ್ ಮಾಡಿ. ಕಾಯ್ದೆಯ ಹೆಸರಿಗಿಂತ ಒಂದು ಒಳ್ಳೆಯ ಮಾತು ಬೇಗ ಕೆಲಸ ಮಾಡುವುದನ್ನು ನೋಡಿದ್ದೇನೆ.

ಎಷ್ಟು ಮನೆಗೆ ಜನ ಬಂದಿದ್ದಾರೆ ಎಂಬುದು ಕೌನ್ಸಿಲ್‌ಗೆ ತಡವಾಗಿ ತಿಳಿಯುತ್ತದೆ, ಊರಿನವರಿಗೆ ಅಂದೇ ತಿಳಿಯುತ್ತದೆ. ನಮ್ಮಲ್ಲಿ ನಿವೃತ್ತ ಸದಸ್ಯೆಯೊಬ್ಬರು ಕಸದ ಗಾಡಿ ಬರುವ ದಿನ ಬೆಳಗ್ಗೆ ನಾಯಿಯೊಂದಿಗೆ ಬಡಾವಣೆ ಸುತ್ತಿ, ಹೊರಗಿಟ್ಟ ಡಬ್ಬಿಗಳನ್ನು ಎಣಿಸಿ ಗುಮಾಸ್ತರಿಗೆ ಕಳುಹಿಸುತ್ತಾರೆ. ಮೈಲಿಗಲ್ಲು ದಾಟಿದ್ದನ್ನು ಒಮ್ಮೆ ಹೀಗೆಯೇ ಹಿಡಿದೆವು.

ಸಿಲ್‌ನಲ್ಲಿ ಪ್ಯಾರಿಷ್ ಪಾಲು, ಬೇರೆ ಏರ್ಪಾಡು ಮಾಡಿಕೊಳ್ಳದಿದ್ದರೆ, ವರ್ಷಕ್ಕೆರಡು ಬಾರಿ, ಏಪ್ರಿಲ್ 28 ಮತ್ತು ಅಕ್ಟೋಬರ್ 28ರೊಳಗೆ ಬರಬೇಕು. ಮೂಲಸೌಕರ್ಯಕ್ಕೆ ಮಾತ್ರವಲ್ಲ, ಬೆಳವಣಿಗೆಯಿಂದ ಊರಿನ ಮೇಲೆ ಬೀಳುವ ಯಾವುದೇ ಒತ್ತಡವನ್ನು ನಿಭಾಯಿಸಲೂ ಇದನ್ನು ಬಳಸಬಹುದು. ನಿರ್ವಹಣೆ, ದುರಸ್ತಿಯೂ ಸೇರುತ್ತದೆ. ಸೆಕ್ಷನ್ 106ಕ್ಕಿಂತ ಇದರ ಕೈಕಾಲು ಸಡಿಲ. ಆದರೆ ಬಂದ ಐದು ವರ್ಷದೊಳಗೆ ಖರ್ಚಾಗದಿದ್ದರೆ ಕೌನ್ಸಿಲ್ ವಾಪಸು ಕೇಳಬಹುದು, ಪ್ಯಾರಿಷ್ ಕೂಡ ವರ್ಷಕ್ಕೊಮ್ಮೆ ತನ್ನ ಲೆಕ್ಕ ಪ್ರಕಟಿಸಬೇಕು. ಮೊದಲ ಬಾರಿ ಹಣ ಬಂದಾಗ ನಮ್ಮಂತೆ ಗಾಬರಿಯಾಗಿ ನಾಲ್ಕು ಬೆಂಚು, ಎರಡು ಹೂಕುಂಡ ಕೊಳ್ಳಬೇಡಿ. ಆಮೇಲೆ ಬಂದ ಹಣವನ್ನು ಸಭಾಂಗಣದ ವಿಸ್ತರಣೆಗೆಂದು ತೆಗೆದಿಟ್ಟು, 'ನಮ್ಮ ಪಾಲು ಇಷ್ಟು ಇದೆ' ಎಂದು ತೋರಿಸಿದ ಮೇಲೆ ಜಿಲ್ಲಾ ಕೌನ್ಸಿಲ್ ತನ್ನ ಸಿಲ್‌ನಿಂದ ಉಳಿದ ಮೊತ್ತ ಸೇರಿಸಲು ಒಪ್ಪಿತು. ಬೆಂಚುಗಳ ಪೈಕಿ ಎರಡರ ಮೇಲೆ ಈಗ ಯಾರೂ ಕೂರುವುದಿಲ್ಲ, ಅವು ಎದುರು ನೋಡುತ್ತಿರುವುದು ಹೊಸ ಬಡಾವಣೆಯ ಹಿಂಬದಿಯ ಬೇಲಿಯನ್ನು.